ನಾಲ್ಕು ತುಂಡು, ಹನ್ನೆರಡು ಪದ

ಆರ್.ಟಿ. ನಗರದ ಒಂದು ಮನೆಯ ಮೊದಲ ಮಹಡಿಯಲ್ಲಿ, ಚೌಕಟ್ಟಿಗೆ ಬಿಗಿದು ಕಟ್ಟಿದ ರೇಷ್ಮೆ ಬಟ್ಟೆಯ ಪಕ್ಕ ಚಾಪೆಯ ಮೇಲೆ ಕೂತು, ನಾನು ಒಬ್ಬ ಹೆಂಗಸಿಗೆ ಹೇಳಿದ ಮಾತು ಇಷ್ಟೇ: "ಈ ಹನ್ನೆರಡು ಪದ ಕಾಗದದ ಮೇಲೆ ಬರ್ಕೊಳ್ಳಿ. ಜೋಪಾನವಾಗಿಡಿ. ಯಾರಿಗೂ ತೋರಿಸ್ಬೇಡಿ."

ಅವರು ತಲೆಯಾಡಿಸಿದರು. ನಾನು ಹೇಳಿದ್ದು ಅವರಿಗೆ ಅರ್ಥವಾಯಿತು ಎಂದುಕೊಂಡು ಎದ್ದು ಬಂದೆ. ಅರ್ಥವಾಗಿದ್ದೇನೋ ನಿಜ. ಆದರೆ ಜೋಪಾನ ಎಂದರೆ ಏನು ಎಂಬ ವಿಷಯದಲ್ಲಿ ಅವರಿಗೆ ಅವರದೇ ಆದ ಪದ್ಧತಿಯಿತ್ತು, ಅದು ನನ್ನದಕ್ಕಿಂತ ಬಹಳ ಹಳೆಯದು. ಅದು ನನಗೆ ಗೊತ್ತಾಗಿದ್ದು ಹತ್ತು ತಿಂಗಳಾದ ಮೇಲೆ.

ಅವರನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಆರಿ ಕೆಲಸದವರು. ಕೊಕ್ಕೆಯಂಥ ತುದಿಯಿರುವ ಸೂಜಿಯಿಂದ ಮದುವೆಯ ರವಿಕೆಗಳ ಮೇಲೆ ಬಳ್ಳಿ, ಹೂವು, ಎಲೆ ಎಬ್ಬಿಸುತ್ತಾರೆ. ಅವರ ಚೌಕಟ್ಟಿನ ಸುತ್ತ ನಾಲ್ವರು ಕೂರುತ್ತಾರೆ: ಆಪಾ, ಅವರ ಸೊಸೆ, ಪಕ್ಕದ ಮನೆಯ ಹೆಂಗಸು, ಮತ್ತು ನಮ್ಮ ಮನೆಯ ಕಡೆಯ ಸಿಂಗಾಪುರ ಎಂಬ ಬಡಾವಣೆಯಿಂದ ಬರುತ್ತಿದ್ದ ನನ್ನ ವಯಸ್ಸಿನ ಒಬ್ಬ ಹುಡುಗಿ. ಅಟ್ಟೂರಿನ ನಮ್ಮ ಮನೆಯಿಂದ ಅಮ್ಮನ ರವಿಕೆಗಳನ್ನು ಅಲ್ಲಿಗೆ ಹೊತ್ತುಕೊಂಡು ಹೋಗುವುದು ನನ್ನ ಪಾಲಿನ ಕೆಲಸವಾದ್ದರಿಂದ ಅವರ ಪರಿಚಯವಾಯಿತು. ಅಲ್ಲಿಗೆ ಹೋದರೆ ಹೆಚ್ಚು ಮಾತಾಡಬೇಕಾಗಿರಲಿಲ್ಲ. ಅವರು ಕೆಲಸ ಮಾಡುವುದನ್ನು ನೋಡುತ್ತಾ ಕೂತರೆ ಸಾಕು. ಅದು ನನಗೆ ಹಿಡಿಸಿತ್ತು.

ಹೆಬ್ಬಾಳದಲ್ಲಿ ನಮ್ಮದೊಂದು ಸಣ್ಣ ಕಂಪನಿ ಇದೆ. ನಾನು ಮತ್ತು ನನ್ನ ಕಾಲೇಜಿನ ಸಹಪಾಠಿ, ಇಬ್ಬರೇ. ಆಪಾರಂಥವರ ಡಿಸೈನುಗಳನ್ನು ಅವರ ಹೆಸರಿನಲ್ಲಿ ದಾಖಲಿಸಿಡುವ ಒಂದು ವೆಬ್ ಆಪ್ ಮಾಡುತ್ತಿದ್ದೇವೆ. ಡಿಸೈನಿನ ಫೋಟೋ ಹಾಕಿದರೆ ಅದು ಯಾರದು, ಯಾವ ದಿನ ಹಾಕಿದ್ದು ಎಂಬುದು ಯಾರೂ ತಿದ್ದಲಾಗದಂತೆ ಉಳಿಯುತ್ತದೆ. ಅಂಗಡಿಯವರು ಅದನ್ನು ಬಳಸಬೇಕಾದರೆ ಡಿಸೈನ್ ಮಾಡಿದವರ ಖಾತೆಯಿಂದಲೇ ಒಪ್ಪಿಗೆ ಬರಬೇಕು. ಒಳಗೆ ಬಂದವರು ಅವರೇ ಹೌದೇ ಎಂದು ಖಾತ್ರಿ ಮಾಡಿಕೊಳ್ಳುವ ಭಾಗ, ಅಂದರೆ ಲಾಗಿನ್, ನನ್ನದು.

ಮೊದಲು ಎಲ್ಲರಂತೆ ಇಮೇಲ್, ಪಾಸ್‌ವರ್ಡ್ ಇಟ್ಟು ನೋಡಿದೆ. ಇಮೇಲನ್ನು ಫೋನ್ ಅಂಗಡಿಯವನು ಮಾಡಿಕೊಟ್ಟಿರುತ್ತಿದ್ದ, ಪಾಸ್‌ವರ್ಡ್ ಅವನಿಗೇ ಗೊತ್ತು. ಒಟಿಪಿ ಇಟ್ಟೆ. ಅದು ಗಂಡನ ಫೋನಿಗೆ ಹೋಗುತ್ತಿತ್ತು. ಡಿಸೈನ್ ಹೆಂಡತಿಯದು, ಬೀಗದಕೈ ಗಂಡನ ಜೇಬಿನಲ್ಲಿ. ಹಾಗಾಗಿ ಕ್ರಿಪ್ಟೋದವರು ಬಳಸುವ ವಾಲೆಟ್ ಲಾಗಿನ್ ಸೇರಿಸುವುದೆಂದು ತೀರ್ಮಾನಿಸಿದೆ. ಅದು ಹೀಗೆ: ಬಳಸುವವರ ಫೋನಿನಲ್ಲಿ ಒಂದು ಗುಟ್ಟಿನ ಕೀಲಿ ಇರುತ್ತದೆ. ಅವರು ಬಾಗಿಲು ತಟ್ಟಿದಾಗಲೆಲ್ಲ ನಮ್ಮ ಸರ್ವರ್ ಅಕ್ಷರಗಳ ಒಂದು ಹೊಸ ಸಾಲನ್ನು ಕಳಿಸುತ್ತದೆ. ಫೋನು ಆ ಕೀಲಿಯಿಂದ ಸಾಲಿಗೆ ಸಹಿ ಹಾಕಿ ವಾಪಸು ಕೊಡುತ್ತದೆ. ಸಹಿ ಸರಿಯಿದ್ದರೆ ಬಾಗಿಲು ತೆರೆಯುತ್ತದೆ. ಕೀಲಿ ಮಾತ್ರ ಫೋನು ಬಿಟ್ಟು ಹೊರಗೆ ಬರುವುದೇ ಇಲ್ಲ. ಫೋನೇ ಹೋದರೆ, ಮೊದಲ ದಿನ ಬರೆದಿಟ್ಟುಕೊಂಡ ಹನ್ನೆರಡು ಇಂಗ್ಲಿಷ್ ಪದಗಳಿಂದ ಅದೇ ಕೀಲಿಯನ್ನು ಮತ್ತೆ ಹುಟ್ಟಿಸಬಹುದು.

"ಕ್ರಿಪ್ಟೋ ಅಂದ್ರೆ ಪೇಪರಲ್ಲಿ ಬರುತ್ತಲ್ಲ, ಜನ ದುಡ್ಡು ಕಳ್ಕೊಳ್ಳೋದು, ಅದಲ್ವೇನೇ?" ಎಂದು ಅಮ್ಮ ಕೇಳಿದ್ದಳು.

"ಇದ್ರಲ್ಲಿ ದುಡ್ಡಿಲ್ಲಮ್ಮ. ಬರೀ ಬೀಗ."

"ಬೀಗಕ್ಕೆ ಇಷ್ಟು ಓದಬೇಕಾಯ್ತಾ?"

ಆ ಬೀಗ ಬರೆಯುವಾಗ ನನಗೆ ಸಿಕ್ಕ ಖುಷಿಯನ್ನು ಅಮ್ಮನಿಗೆ ಹೇಳಲಿಲ್ಲ. ನಾನು ಫೋನನ್ನು ಮೇಜಿನ ಮೇಲೆ ಮಗುಚಿ ಇಡುವವಳು. ಹಾಸ್ಟೆಲಿನಲ್ಲಿದ್ದ ಎರಡು ವರ್ಷ ನನ್ನ ಪೆಟ್ಟಿಗೆಯ ಎರಡನೇ ಕೀಲಿಯನ್ನು ಯಾರ ಕೈಗೂ ಕೊಡಲಿಲ್ಲ. ಯಾರನ್ನೂ ನಂಬಬೇಕಾಗಿಲ್ಲದ, ಯಾರೂ ನಮ್ಮನ್ನು ನಂಬಬೇಕಾಗಿಲ್ಲದ ಒಂದು ವ್ಯವಸ್ಥೆ ನನಗೆ ತುಂಬ ಶುದ್ಧವಾಗಿ ಕಂಡಿತ್ತು.

ಆಪಾ ಎಪ್ಪತ್ತೊಂದು ಡಿಸೈನುಗಳನ್ನು ಹಾಕಿದರು. ಅವುಗಳಲ್ಲಿ ಹುಣಸೆ ಎಲೆಯ ಅಂಚು ಒಂದು. ಸಣ್ಣ ಸಣ್ಣ ಎಲೆಗಳ ಜೋಡಿ ಸಾಲು, ಕುತ್ತಿಗೆಯ ಸುತ್ತ ಬಂದು ಬೆನ್ನಿನ ಮಧ್ಯ ಒಂದಾಗುತ್ತದೆ. ಒಂದು ಬುಧವಾರ, ಮದುವೆ ಬಟ್ಟೆಗಳ ಒಂದು ದೊಡ್ಡ ಅಂಗಡಿಯಿಂದ ಆ ಅಂಚಿಗೆ ಕೋರಿಕೆ ಬಂತು. ಅವರ ಹೊಸ ಡಿಸೈನ್ ಪುಸ್ತಕದಲ್ಲಿ ಅದನ್ನು ಆಪಾ ಹೆಸರಿನೊಂದಿಗೆ ಅಚ್ಚು ಹಾಕಿಸುತ್ತಾರೆ. ಸೋಮವಾರ ಪುಸ್ತಕ ಪ್ರೆಸ್ಸಿಗೆ ಹೋಗುತ್ತದೆ, ಅಷ್ಟರೊಳಗೆ ಆಪಾ ಖಾತೆಯಿಂದ ಒಪ್ಪಿಗೆ ಬರಬೇಕು. ಬರದಿದ್ದರೆ ಬೇರೆ ಯಾರದೋ ಅಂಚು ಹಾಕುತ್ತಾರೆ. ಇಪ್ಪತ್ತಾರು ವರ್ಷ ಆಪಾ ಕೆಲಸ ಬೇರೆಯವರ ಅಂಗಡಿಯ ಹೆಸರಿನಲ್ಲೇ ಹೋಗಿತ್ತು. ಹೆಸರು ಸಮೇತ ಕೇಳಿದ್ದು ಇದೇ ಮೊದಲು.

ಗುರುವಾರ ಅವರ ಫೋನು ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿತ್ತು. ರಿಪೇರಿಯವನು ಬಿಚ್ಚಿ ನೋಡಿ ಕೈಚೆಲ್ಲಿದ. ಶುಕ್ರವಾರ ಬೆಳಿಗ್ಗೆ ಅವರು ಸೊಸೆಯ ಫೋನಿನಿಂದ ನನಗೆ ಕರೆ ಮಾಡಿದರು. "ಹೊಸ ಫೋನ್ ತಗೊಂಡಿದೀನಿ ಬೇಟಾ. ನನ್ನ ಡಿಸೈನ್ ಎಲ್ಲಾ ಇದರಲ್ಲಿ ಬರೋದು ಹಂಗೆ ಮಾಡಿಕೊಡು."

"ಆ ಪದಗಳಿದಾವಲ್ಲ ಆಪಾ?"

"ಹೌ, ಇದಾವೆ. ಜೋಪಾನವಾಗಿದಾವೆ." ಆಮೇಲೆ ಸೇರಿಸಿದರು, "ಮುಕ್ಕಾಲು ಭಾಗ ಇಲ್ಲೇ ಇದೆ."

ಮುಕ್ಕಾಲು ಭಾಗ ಎಂದರೇನು ಎಂದು ಕೇಳುವಷ್ಟು ಧೈರ್ಯ ಆಗ ಬರಲಿಲ್ಲ. ಬರ್ತೀನಿ ಎಂದು ಫೋನಿಟ್ಟೆ. ಎದುರಿನ ಮೇಜಿನಲ್ಲಿದ್ದ ಸಹಪಾಠಿ ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಗುರು, ನಾವು ಒಳಗೆ ಹೋಗೋಕೆ ಒಂದು ಚಿಕ್ಕ ಹಿಂಬಾಗಿಲು ಇಟ್ಟಿರ್ತೀಯಲ್ವಾ?"

"ಇಟ್ಟಿಲ್ಲ."

"ಟೆಸ್ಟ್ ಮಾಡೋಕಾದ್ರೂ?"

"ಇಲ್ಲ ಕಣೋ. ಇಡ್ಬೇಡ ಅಂತ ನೀನೇ ಹೇಳಿದ್ದು. ನಮ್ಮತ್ರ ಯಾರ ಕೀಲೀನೂ ಇಲ್ಲ ಅಂತ ಮೊದಲನೇ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರ್ದಿದೀಯ."

"ಬರೆಯೋದೇನು, ಬರೀತೀನಿ. ನೀನು ಅಷ್ಟು ಸೀರಿಯಸ್ಸಾಗಿ ತಗೋತೀಯ ಅಂತ ಯಾರಿಗ್ ಗೊತ್ತಿತ್ತು." ಅವನು ನಗಲಿಲ್ಲ. "ಹೋಗು, ಮೊದಲು ಪದ ಹುಡುಕು."

ಆಪಾ ಮನೆಯಲ್ಲಿ ಚೌಕಟ್ಟಿನ ಮೇಲೆ ಮೂರು ಕಾಗದದ ಪಟ್ಟಿಗಳು ಕಾಯುತ್ತಿದ್ದವು, ಮೂರನ್ನೂ ಮಗುಚಿ ಇಟ್ಟಿದ್ದರು. ಅವು ಏನೆಂದು ಹೇಳಬೇಕಾದರೆ ಖಾಕಾದ ವಿಷಯ ಹೇಳಬೇಕು.

ಆರಿ ಕೆಲಸದಲ್ಲಿ ಡಿಸೈನನ್ನು ಮೊದಲು ತೆಳುವಾದ ಟ್ರೇಸಿಂಗ್ ಕಾಗದದ ಮೇಲೆ ಬರೆಯುತ್ತಾರೆ. ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡುತ್ತಾ ಹೋಗುತ್ತಾರೆ. ಬಟ್ಟೆಯ ಮೇಲೆ ಅದನ್ನು ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಉಜ್ಜಿದರೆ ಚುಕ್ಕಿಗಳು ಕೆಳಗೆ ಇಳಿಯುತ್ತವೆ. ಆ ತೂತಿನ ಕಾಗದವೇ ಖಾಕಾ. ಇಡೀ ಖಾಕಾ ಒಂದೇ ಕಡೆ ಇದ್ದರೆ ಯಾರಾದರೂ ಎತ್ತಿಕೊಂಡು ಹೋಗಬಹುದು, ಮುಂದಿನ ವಾರ ಅದು ಬೇರೆ ಅಂಗಡಿಯಲ್ಲಿ ತೂಗಾಡುತ್ತಿರುತ್ತದೆ. ಹಾಗಾಗಿ ಆಪಾ ಒಳ್ಳೆಯ ಡಿಸೈನಿನ ಖಾಕಾವನ್ನು ನಾಲ್ಕಾಗಿ ಕತ್ತರಿಸಿ, ಚೌಕಟ್ಟಿನ ಸುತ್ತ ಕೂರುವ ನಾಲ್ವರಿಗೂ ಒಂದೊಂದು ತುಂಡು ಕೊಡುತ್ತಾರೆ. ನಾಲ್ವರೂ ಕೂತರೆ ಡಿಸೈನ್, ಇಲ್ಲದಿದ್ದರೆ ಬರೀ ಕಾಗದ. ಇದಕ್ಕೆ ಎರಡು ನಿಯಮಗಳು: ಕೊಟ್ಟ ತುಂಡನ್ನು ಆಪಾ ಕೇಳುವವರೆಗೆ ಬಿಸಾಡುವಂತಿಲ್ಲ, ಮತ್ತು ಇಟ್ಟುಕೊಂಡವರೇ ಬಂದು ಬಟ್ಟೆಯ ಮೇಲೆ ಹಾಸಬೇಕು, ಇನ್ನೊಬ್ಬರ ಕೈಲಿ ಕಳಿಸುವಂತಿಲ್ಲ.

ನನ್ನ ಹನ್ನೆರಡು ಪದಗಳಿಗೂ ಅದೇ ಆಗಿತ್ತು. ಮೂರು ಮೂರು ಪದಗಳ ನಾಲ್ಕು ತುಂಡು. ಆಪಾ ಓದಿದ್ದು ಉರ್ದು ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ಇಂಗ್ಲಿಷ್ ಅಕ್ಷರಗಳನ್ನು ಹೂಬಳ್ಳಿ ಬಿಡಿಸಿದಂತೆ ಒಂದೊಂದಾಗಿ ನೋಡಿ ಬಿಡಿಸಿದ್ದರಂತೆ.

"ಯಾರಿಗೂ ತೋರಿಸ್ಬೇಡಿ ಅಂದಿದ್ದೆನಲ್ಲ ಆಪಾ."

"ಯಾರಿಗೂ ತೋರಿಸಿಲ್ಲ. ಪೂರ್ತಿ ಯಾರು ನೋಡಿದಾರೆ ಕೇಳು. ಬರೆದವಳು ನಾನು, ನನಗೂ ಈಗ ಮೂರೇ ಗೊತ್ತು."

"ನಂಬರ್ ಹಾಕಿದೀರಾ? ಯಾವುದು ಮೊದಲು, ಯಾವುದು ಆಮೇಲೆ ಅಂತ?"

"ಖಾಕಾಗೆ ಯಾರು ನಂಬರ್ ಹಾಕ್ತಾರೆ? ಕುತ್ತಿಗೆ ತುಂಡು ಕುತ್ತಿಗೆಗೇ ಕೂರುತ್ತೆ, ತೋಳಿಂದು ತೋಳಿಗೆ." ಹೇಳುತ್ತಾ ಹೇಳುತ್ತಾ ಅವರಿಗೇ ಹೊಳೆಯಿತು. ಪದಗಳಿಗೆ ಕುತ್ತಿಗೆಯೂ ಇಲ್ಲ, ತೋಳೂ ಇಲ್ಲ. ಅವರು ಮೂರು ಪಟ್ಟಿಗಳನ್ನೂ ಸ್ವಲ್ಪ ಹೊತ್ತು ನೋಡಿದರು.

"ಕ್ರಮ ತಪ್ಪಿದ್ರೆ ಪರವಾಗಿಲ್ಲ," ಎಂದೆ. "ನಾಲ್ಕು ತುಂಡನ್ನ ಇಪ್ಪತ್ತನಾಲ್ಕು ಥರ ಜೋಡಿಸ್ಬೋದು, ಅಷ್ಟೂ ಹಾಕಿ ನೋಡೋಣ. ಆದ್ರೆ ನಾಲ್ಕನೇ ತುಂಡಿಲ್ದೆ ಆಗಲ್ಲ. ಆ ಮೂರು ಪದ ಊಹೆ ಮಾಡೋಕೆ ಕೂತ್ರೆ ನಾವೆಲ್ಲ ಮುದುಕಿಯರಾಗ್ತೀವಿ. ಅದು ಯಾರತ್ರ ಇದೆ?"

ಸೊಸೆ ತಲೆ ತಗ್ಗಿಸಿ ದಾರ ಸುತ್ತತೊಡಗಿದಳು. ಪಕ್ಕದ ಮನೆಯವರು ಕಿಟಕಿಯ ಕಡೆ ನೋಡಿದರು. ನಾಲ್ಕನೆಯ ತುಂಡು ಸಿಂಗಾಪುರದ ಹುಡುಗಿಯದು. ಆಪಾ ಅವಳಿಂದ ಒಂದು ಇಡೀ ತೋಳಿನ ಕಸೂತಿಯನ್ನು ಬಿಚ್ಚಿಸಿ ಮತ್ತೆ ಹಾಕಿಸಿದ್ದರಂತೆ. ಎರಡನೇ ಸಲವೂ ಬಿಚ್ಚು ಎಂದಾಗ ಅವಳು ಸೂಜಿ ಡಬ್ಬಿ ಮುಚ್ಚಿಕೊಂಡು ಎದ್ದು ಹೋದವಳು, ಎಂಟು ತಿಂಗಳಾಯಿತು. ಈಗ ಮನೆಯಲ್ಲೇ ಸ್ವಂತ ಚೌಕಟ್ಟು ಹಾಕಿಕೊಂಡಿದ್ದಾಳೆ.

"ಫೋನ್ ಮಾಡಿ," ಎಂದೆ.

"ನಕ್ಕೋ, ಬೇಡ. ಫೋನಲ್ಲಿ ಕೇಳೋ ಮಾತಲ್ಲ ಅದು. ಬಿಸಾಕಿದೀನಿ ಅಂದುಬಿಟ್ರೆ? ಹೋಗಿ ಕೇಳಬೇಕು."

ಶನಿವಾರ ಬೆಳಿಗ್ಗೆ ಆಪಾ ನನ್ನ ಸ್ಕೂಟರಿನ ಹಿಂದೆ ಕೂತರು. ಹೆಬ್ಬಾಳದ ಫ್ಲೈಓವರ್ ಇಳಿಯುವಷ್ಟರಲ್ಲಿ ನನ್ನ ಹೆಗಲು ನೋಯುತ್ತಿತ್ತು, ಅಷ್ಟು ಗಟ್ಟಿಯಾಗಿ ಹಿಡಿದಿದ್ದರು. ಕೊಡಿಗೇಹಳ್ಳಿ ದಾಟಿದ ಮೇಲೆ ಅವರೇ ಮಾತು ತೆಗೆದರು.

"ಮೊದಲನೇ ಸಲ ಬಿಚ್ಚಿಸಿದ್ದು ಸರಿ. ದಾರ ಸಡಿಲ ಇತ್ತು."

"ಎರಡನೇ ಸಲ?"

"ನೀನು ರಸ್ತೆ ನೋಡ್ಕೊಂಡು ಓಡಿಸು," ಎಂದರು. ನಾನು ಮತ್ತೆ ಕೇಳಲಿಲ್ಲ.

ಸಿಂಗಾಪುರದ ಆ ಬೀದಿಯಲ್ಲಿ ಎಲ್ಲ ಮನೆಗಳೂ ಹೊಸವು, ಸೈಟಿನ ಅಳತೆಗೆ ಸರಿಯಾಗಿ ಒತ್ತಿಕೊಂಡು ನಿಂತವು. ಬಾಗಿಲು ತೆರೆದೇ ಇತ್ತು. ಹುಡುಗಿ ಚೌಕಟ್ಟಿನ ಮುಂದೆ ಒಬ್ಬಳೇ ಕೂತಿದ್ದಳು. ತಲೆಯೆತ್ತಿ ನೋಡಿದಳು, ಎದ್ದೇಳಲಿಲ್ಲ.

"ಏನ್ ಆಪಾ, ದಾರಿ ತಪ್ಪಿ ಬಂದ್ರಾ?"

"ಈ ಹುಡುಗಿ ಗಾಡಿ ಓಡಿಸೋದು ನೋಡಿ ಸೀದಾ ಜನ್ನತ್‌ಗೇ ಹೋಗ್ತೀನಿ ಅಂದ್ಕೊಂಡಿದ್ದೆ. ಸಿಂಗಾಪುರದಲ್ಲಿ ಇಳಿಸಿದ್ಲು."

ಹುಡುಗಿ ನಗು ತಡೆದುಕೊಂಡಳು. ಆಪಾ ಒಳಗೆ ಬಂದು, ಯಾರೂ ಕೂರಿ ಎನ್ನುವ ಮೊದಲೇ ಚೌಕಟ್ಟಿನ ಮೇಲೆ ಬಗ್ಗಿದರು. ಅವರ ಬೆರಳು ಒಂದು ಹೂವಿನ ಅಂಚಿನ ಮೇಲೆ ಹೋಗಿ ನಿಂತಿತು.

"ಇಲ್ಲಿ ಸಡಿಲ ಇದೆ."

"ಬಿಚ್ಚಲ್ಲ."

"ಬಿಚ್ಚು ಅಂದ್ನಾ ನಾನು? ಸಡಿಲ ಇದೆ ಅಂದೆ."

"ನಿಮ್ಮ ಬಾಯಲ್ಲಿ ಎರಡೂ ಒಂದೇ."

ನಾನು ಬಾಗಿಲ ಹತ್ತಿರ ಹೆಲ್ಮೆಟ್ಟು ಹಿಡಿದುಕೊಂಡು ನಿಂತಿದ್ದೆ. ಬೇರೆಯವರ ಜಗಳದ ಮಧ್ಯೆ ನಿಲ್ಲುವುದು ನನಗೆ ಬರುವುದಿಲ್ಲ. ಆಪಾ ಕೊನೆಗೆ ಚಾಪೆಯ ಮೇಲೆ ಕೂತು, ಅಂಗಡಿಯ ಪುಸ್ತಕದ ವಿಷಯ, ಬಕೆಟ್ಟಿನ ವಿಷಯ, ಸೋಮವಾರದ ವಿಷಯ ಎಲ್ಲ ಹೇಳಿದರು. ಹೇಳಿ ಮುಗಿಸಿ, "ಆ ತುಂಡು ಬಿಸಾಕಿದ್ರೂ ನಾನೇನೂ ಅನ್ನಲ್ಲ. ಎರಡನೇ ಸಲ ಬಿಚ್ಚಿಸಬಾರದಿತ್ತು. ಆ ದಿನ ಕೆಲಸ ಸರಿಯಾಗೇ ಇತ್ತು, ನನಗೆ ತಲೆ ಸರಿಯಿರಲಿಲ್ಲ," ಎಂದರು.

ಹುಡುಗಿ ಎದ್ದು ಗೂಡಿನಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತೆಗೆದಳು. ಸೂಜಿಗಳ ಕೆಳಗೆ, ಜರಿ ದಾರದ ಉಂಡೆಯ ಕೆಳಗೆ, ನಾಲ್ಕು ಮಡಿಕೆಯ ಒಂದು ಕಾಗದ ಇತ್ತು.

"ಬಿಸಾಕ್ತೀನಾ? ಜಗಳ ಆಡಿದ್ದು ನಿಮ್ಮ ಹತ್ರ ಆಪಾ. ಖಾಕಾ ಹತ್ರ ಅಲ್ಲ."

ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ.

"ನಾನೇ ಬಂದು ಹಾಸ್ತೀನಿ. ಅದಲ್ವಾ ರೂಲು?"

ಅವಳು ತನ್ನ ಗಾಡಿಯಲ್ಲಿ ನಮ್ಮ ಹಿಂದೆಯೇ ಬಂದಳು. ವಾಪಸು ಹೋಗುವಾಗ ಆಪಾ ನನ್ನ ಹೆಗಲನ್ನು ಮೆಲ್ಲಗೆ ಹಿಡಿದಿದ್ದರು, ಆಗಾಗ ತಿರುಗಿ ಅವಳು ಬರುತ್ತಿದ್ದಾಳೆಯೇ ಎಂದು ನೋಡುತ್ತಿದ್ದರು.

ಮಧ್ಯಾಹ್ನ ನಾಲ್ವರೂ ಚೌಕಟ್ಟಿನ ಸುತ್ತ ತಮ್ಮ ತಮ್ಮ ಜಾಗದಲ್ಲಿ ಕೂತರು. ಹುಡುಗಿಯ ಜಾಗದಲ್ಲಿಟ್ಟಿದ್ದ ದಾರದ ಬುಟ್ಟಿಯನ್ನು ಸೊಸೆ ಎತ್ತಿಟ್ಟಳು. ನಾನು ಗೋಡೆಯ ಕಡೆ ಮುಖ ಮಾಡಿ ಕೂತೆ. ಹನ್ನೆರಡು ಪದಗಳನ್ನೂ ಒಟ್ಟಿಗೆ ನೋಡುವ ಹಕ್ಕು ನನಗಿರಲಿಲ್ಲ. ನನ್ನ ಕೈಯಲ್ಲಿದ್ದುದು ಇಪ್ಪತ್ತನಾಲ್ಕು ಸಾಲುಗಳ ಒಂದು ಪಟ್ಟಿ, ಅದರ ಮೇಲೆ ನಮ್ಮ ಸರ್ವರಿನಲ್ಲಿದ್ದ ಆಪಾ ವಾಲೆಟ್ಟಿನ ವಿಳಾಸ, ಅಂದರೆ ಗುಟ್ಟಲ್ಲದ ಖಾತೆ ಸಂಖ್ಯೆ, ಇಷ್ಟು ಮಾತ್ರ. "ಮೊದಲು ಆಪಾ, ಆಮೇಲೆ ಸೊಸೆ, ಆಮೇಲೆ ಪಕ್ಕದ ಮನೆಯವರು, ಕೊನೇಗೆ ನೀನು," ಎಂದು ಓದಿದೆ. ಹೊಸ ಫೋನು ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ತಮ್ಮ ಮೂರು ಪದಗಳನ್ನು ಒತ್ತಿದರು.

"ತಪ್ಪು ಅಂತಿದೆ."

ಒಂದು ಗೆರೆ ಹೊಡೆದೆ. ಎರಡನೆಯದೂ ತಪ್ಪು. ಮೂರನೆಯದೂ. ಐದನೆಯದರ ಹೊತ್ತಿಗೆ ಪಕ್ಕದ ಮನೆಯವರು ಕನ್ನಡಕ ತರಲು ಮನೆಗೆ ಹೋಗಿಬಂದರು. ಒಂಬತ್ತನೆಯದಕ್ಕೆ ಸೊಸೆ, "ತೆಗೀತು," ಎಂದಳು. ಆದರೆ ವಾಲೆಟ್ಟಿನ ವಿಳಾಸ ಓದಿ ಹೇಳಿ ಎಂದಾಗ ಅದು ಆಪಾ ಖಾತೆಯದಾಗಿರಲಿಲ್ಲ. ತಪ್ಪು ಕ್ರಮದ ಪದಗಳೂ ಒಮ್ಮೊಮ್ಮೆ ಲೆಕ್ಕಕ್ಕೆ ಸರಿಹೊಂದಿ ಯಾವುದೋ ಬಾಗಿಲು ತೆರೆಯುತ್ತವೆ.

"ಅದು ಯಾರ ಮನೆ ಹಂಗಾದ್ರೆ?" ಆಪಾ ಕೇಳಿದರು.

"ಯಾರದೂ ಅಲ್ಲ ಆಪಾ. ಖಾಲಿ."

"ಖಾಲಿ ಮನೆಗೂ ಬೀಗ ಹಾಕಿಡ್ತಾರಾ ನಿಮ್ಮವರು," ಎಂದು ಫೋನನ್ನು ಮುಂದಕ್ಕೆ ಕೊಟ್ಟರು.

ಹದಿನೇಳನೆಯ ಸಲ ಶುರುವಾಗಿದ್ದು ಸಿಂಗಾಪುರದ ಹುಡುಗಿಯಿಂದ. ಎಲ್ಲರೂ ಒತ್ತಿ ಮುಗಿಸಿದ ಮೇಲೆ, "ಮತ್ತೆ ತೆಗೀತು," ಎಂದಳು ಸೊಸೆ. ನಾನು ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದೆ. ಆಮೇಲೆ ಹುಡುಗಿ ಒಂದೊಂದೇ ಅಕ್ಷರ, ಒಂದೊಂದೇ ಅಂಕಿಯಾಗಿ ವಿಳಾಸವನ್ನು ಓದತೊಡಗಿದಳು, ನಾನು ನನ್ನ ಕಾಗದದ ಮೇಲೆ ಬೆರಳಿಟ್ಟು ಹಿಂಬಾಲಿಸಿದೆ. ಕೊನೆಯ ಅಂಕಿಯವರೆಗೂ ಅದೇ.

"ಪಟ್ಟಿಗಳನ್ನ ಮುಚ್ಚಿಡಿ, ತಿರುಗ್ತೀನಿ," ಎಂದೆ.

ನಮ್ಮ ಆಪ್ ತೆರೆದೆವು. ಸರ್ವರ್ ತನ್ನ ಹೊಸ ಸಾಲನ್ನು ಕಳಿಸಿತು. ಸಹಿ ಹಾಕಲೇ ಎಂದು ಫೋನು ಕೇಳಿತು. ಆಪಾ ಬೆರಳನ್ನು ಸೆರಗಿಗೆ ಒರೆಸಿಕೊಂಡು ಒತ್ತಿದರು. ಎಪ್ಪತ್ತೊಂದು ಡಿಸೈನುಗಳೂ ಒಂದರ ಹಿಂದೊಂದು ಬಂದವು. ಹುಣಸೆ ಎಲೆಯ ಅಂಚಿನ ಕೆಳಗೆ ಅಂಗಡಿಯ ಕೋರಿಕೆ ಹಾಗೇ ಇತ್ತು. ಅದಕ್ಕೂ ಒಪ್ಪಿಗೆ ಒತ್ತಿದರು. ಆ ಲಾಗಿನ್ನನ್ನು ನಾನು ಬರೆಯುವಾಗ ನೂರಾರು ಸಲ ಪರೀಕ್ಷೆ ಮಾಡಿದ್ದೆ. ಅದು ಕೆಲಸ ಮಾಡಿದ್ದನ್ನು ಮೊದಲ ಸಲ ನೋಡಿದ ಹಾಗಾಯಿತು.

ಹುಡುಗಿ ಸಂಜೆಯವರೆಗೂ ಅಲ್ಲೇ ಇದ್ದಳು. ಅರ್ಧಕ್ಕೆ ನಿಂತಿದ್ದ ಒಂದು ತೋಳನ್ನು ಯಾರೂ ಹೇಳದೆಯೇ ತನ್ನ ಕಡೆಯಿಂದ ಹಿಡಿದಳು. ನಾನು ಹೊರಡುವಾಗ ಆಪಾ ಅದನ್ನು ನೋಡುತ್ತಿದ್ದರು, ಬೆರಳನ್ನು ಮಾತ್ರ ಮಡಿಚಿಟ್ಟುಕೊಂಡಿದ್ದರು.

ಸೋಮವಾರ ನಾನು ಸಹಪಾಠಿಯ ಮುಂದೆ ಒಂದು ಹಾಳೆ ಇಟ್ಟೆ. ಗುಟ್ಟಿನ ಪದಗಳನ್ನು ಕತ್ತರಿಸಿ ಹಂಚುವುದು ಒಳ್ಳೆಯ ವಿಧಾನವಲ್ಲ, ಒಂದು ತುಂಡು ಹೋದರೆ ಎಲ್ಲವೂ ಹೋಯಿತು. ಆದರೆ ಆ ಯೋಚನೆ ತಪ್ಪಾಗಿರಲಿಲ್ಲ, ಅದಕ್ಕೆ ಒಂದು ಸರಿಯಾದ ಹೊಲಿಗೆ ಬೇಕಿತ್ತು ಅಷ್ಟೇ. ಹೊಸ ಯೋಜನೆಯಲ್ಲಿ ಪ್ರತಿಯೊಬ್ಬರೂ ಖಾತೆ ತೆರೆಯುವಾಗ ತಮಗೆ ಬೇಕಾದ ನಾಲ್ವರನ್ನು ಹೆಸರಿಸುತ್ತಾರೆ. ಫೋನೂ ಪದಗಳೂ ಎರಡೂ ಹೋದರೆ, ಆ ನಾಲ್ವರಲ್ಲಿ ಮೂವರು ತಮ್ಮ ತಮ್ಮ ಫೋನಿನಿಂದ ಹೌದು ಎಂದರೆ ಸಾಕು, ಖಾತೆ ಹೊಸ ಕೀಲಿಗೆ ತೆರೆದುಕೊಳ್ಳುತ್ತದೆ. ಆಗಲೂ ನಮ್ಮ ಬಳಿ ಯಾರ ಕೀಲಿಯೂ ಇರುವುದಿಲ್ಲ.

"ನಾಲ್ವರಲ್ಲಿ ಮೂವರು ಯಾಕೆ? ನಾಲ್ವರೂ ಯಾಕಲ್ಲ?"

"ಒಬ್ಬರು ಜಗಳ ಆಡ್ಕೊಂಡು ಹೋಗಿರ್ತಾರೆ."

ಅವನು ಹಾಳೆಯನ್ನು ಎರಡು ಸಲ ಓದಿದ. "ಆ ದಪ್ಪ ಅಕ್ಷರ ಹಾಗೇ ಇರ್ಲಾ?"

"ಇರ್ಲಿ."

ಬರೆದು ಪರೀಕ್ಷೆ ಮಾಡಲು ಏಳು ವಾರ ಹಿಡಿಯಿತು. ಅಷ್ಟರಲ್ಲಿ ಅಂಗಡಿಯ ಪುಸ್ತಕ ಬಂದಿತ್ತು. ಹುಣಸೆ ಎಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಆಪಾ ಹೆಸರು ಇತ್ತು. ಅವರು ಆ ಪುಟವನ್ನು ಕತ್ತರಿಸದೆ, ಇಡೀ ಪುಸ್ತಕವನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಪಾಟಿನಲ್ಲಿಟ್ಟಿದ್ದಾರೆ. ಹೊಸ ಲಾಗಿನ್ನಿಗೆ ನಾಲ್ವರನ್ನು ಹೇಳಿ ಎಂದಾಗ ಮೊದಲು ಹೇಳಿದ್ದು ಸಿಂಗಾಪುರದ ಹುಡುಗಿಯನ್ನು. "ಅವಳು ಮಾತು ಬಿಟ್ರೂ ಇಟ್ಕೋತಾಳೆ," ಎಂದರು.

ಆಮೇಲೆ ನನ್ನ ಸರದಿ. ಪರೀಕ್ಷೆಗೆ ಸುಳ್ಳು ಹೆಸರುಗಳನ್ನು ಹಾಕುತ್ತಾ ಬಂದಿದ್ದೆ, ಆದರೆ ನಿಜವಾದ ನನ್ನ ಖಾತೆಗೆ ನಿಜವಾದ ನಾಲ್ವರು ಬೇಕು. ನಾಲ್ಕು ಖಾಲಿ ಚೌಕಗಳನ್ನು ಪರದೆಯ ಮೇಲೆ ಇಟ್ಟವಳೂ ನಾನೇ. ಮೊದಲನೆಯದಕ್ಕೆ ಅಮ್ಮ. "ಒಪ್ಪಿಗೆ ಒತ್ತು ಅಂದಾಗ ಒತ್ಬೇಕು, ಅಷ್ಟೇನಾ?" ಎಂದು ಮೂರು ಸಲ ಕೇಳಿ, ಆ ದಿನವೆಲ್ಲ ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಎರಡನೆಯದು ಸಹಪಾಠಿ, ಮೂರನೆಯದು ಆಪಾ. ನಾಲ್ಕನೆಯ ಚೌಕ ಒಂದು ವಾರ ಖಾಲಿಯಿತ್ತು. ಕೊನೆಗೆ ಒಂದು ಭಾನುವಾರ ಸಿಂಗಾಪುರದ ಹುಡುಗಿಗೆ ಮೆಸೇಜು ಬರೆದೆ, ಎರಡು ಸಲ ಅಳಿಸಿ ಮೂರನೇ ಸಲ ಕಳಿಸಿದೆ: ನನ್ನದೂ ಒಂದು ತುಂಡು ನಿನ್ನತ್ರ ಇರ್ಲಾ?

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಡಬ್ಬೀಲಿ ಜಾಗ ಇದೆ. ಬಾ, ಟೀ ಕುಡ್ಕೊಂಡು ಹೋಗು."

ಅಟ್ಟೂರಿನಿಂದ ಸಿಂಗಾಪುರಕ್ಕೆ ಗಾಡಿಯಲ್ಲಿ ಹೆಚ್ಚು ದೂರವಿಲ್ಲ. ಹೆಲ್ಮೆಟ್ಟು ತೆಗೆದುಕೊಂಡೆ.